ಬೆನ್ನಿಗೆ ಬೇಕಾದ ಖುರ್ಚಿ

ಇಳಕಲ್ಲಿನಲ್ಲಿ ನಮ್ಮ ನೆರೆಮನೆಯ ಅಕ್ಕ ಮನೆಯಲ್ಲೇ ಜಂಪರು ಹೊಲಿದು ಸಂಸಾರ ತೂಗಿಸುತ್ತಿದ್ದಳು. ದಿನವಿಡೀ ಸ್ಟೂಲಿನ ಮೇಲೆ ಕೂತು, ನಡುನಡುವೆ ಸೊಂಟಕ್ಕೆ ಎಡಗೈ ಒತ್ತಿಕೊಳ್ಳುವಳು. ಕೇಳಿದರೆ, "ಇರ್ಲಿ ಬಿಡವಾ" ಅನ್ನುವಳು.

ಬೆನ್ನಿಗೆ ಆಸರೆಯಿರುವ ಖುರ್ಚಿ ಬೇಕೆಂದು ಡಾಕ್ಟರು ಹೇಳಿದ ಮೇಲೆ ಇಬ್ಬರೂ ಬಾಗಲಕೋಟೆಗೆ ಹೋದೆವು. ಅಂಗಡಿಯ ಪ್ರತಿ ಖುರ್ಚಿಯಲ್ಲೂ ಕೂತು, ಮಷಿನ್ನು ತುಳಿಯುವಂತೆ ಪಾದ ಆಡಿಸಿ ನೋಡಿದಳು. ಕೊನೆಗೆ ಒಂದು ಬೆತ್ತದ ಖುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. "ಇದ ನೋಡವಾ, ನಂದು."

ಬಸ್ಸಿನ ಮೇಲೆ ಹೇರಿ ತಂದ ಖುರ್ಚಿಯನ್ನು ಕಂಡ ಅವಳ ಮಾವ, "ಹಿರೇರು ನೆಲದ ಮ್ಯಾಲ, ಸೊಸಿ ಖುರ್ಚಿ ಮ್ಯಾಲ ಏನು?" ಎಂದು ತಾವೇ ಕೂತರು. ಅಕ್ಕ ಸ್ಟೂಲು ಎಳೆದುಕೊಂಡಳು.

ಏಳು ವರ್ಷಗಳ ನಂತರ ಮಾವ ತೀರಿಕೊಂಡಾಗ ಖುರ್ಚಿ ಅವಳಿಗೆ ಬಂತು. ಅಷ್ಟರಲ್ಲಿ ಬೆನ್ನು ಬಾಗಿಹೋಗಿತ್ತು. ಎಷ್ಟು ಹಿಂದೆ ಸರಿದು ಕೂತರೂ ಅವಳಿಗೆ ಒರಗಲಾಗಲಿಲ್ಲ.