ಎರಡು ಅಂಚಿನಿಂದ ಬಂದ ಹೆಜ್ಜೆಗಳು

ಅಲ್ವೀನಜ್ಜಿಯ ಅಡುಗೆಮನೆಯ ಮೇಜಿನ ಮೇಲೆ ತಟ್ಟೆ ಇಡಲು ಜಾಗ ಸಿಗುವುದೇ ಅಪರೂಪವಾಗಿತ್ತು. ಚಳಿಗಾಲವಿಡೀ ಅದರ ಮೇಲೆ ಒಣ ಬಟಾಣಿಯೂ ಬಾರ್ಲಿ ಕಾಳೂ ಹರಡಿಕೊಂಡಿರುತ್ತಿದ್ದವು. ಹೊಸ ವಿನ್ಯಾಸವನ್ನು ಅವಳು ಕಾಗದದ ಮೇಲೆ ಬರೆಯುತ್ತಿರಲಿಲ್ಲ. ಶಾಲಿನಲ್ಲಿ ತೂತು ಬರಬೇಕಾದ ಕಡೆ ಒಂದು ಬಾರ್ಲಿ ಕಾಳು ಇಡುತ್ತಿದ್ದಳು, ಮೊಗ್ಗು ಬರಬೇಕಾದ ಕಡೆ ಒಂದು ಬಟಾಣಿ. ಮೊಗ್ಗು ಎಂದರೆ ಒಂದೇ ಕುಣಿಕೆಯಿಂದ ಏಳು ಎಳೆ ಎತ್ತಿ, ಮರುಸಾಲಿನಲ್ಲಿ ಏಳನ್ನೂ ಒಟ್ಟಿಗೆ ಹಿಡಿದು ಒಂದಾಗಿಸಿದಾಗ ಉಬ್ಬಿ ನಿಲ್ಲುವ ಪುಟ್ಟ ಗುಂಡು. ನಮ್ಮ ಹಾಪ್ಸಲು ಊರಿನ ಶಾಲನ್ನು ಕತ್ತಲೆಯಲ್ಲಿ ಮುಟ್ಟಿದರೂ ಆ ಮೊಗ್ಗುಗಳಿಂದಲೇ ಗುರುತು ಹಿಡಿಯಬಹುದು.

ಮೀನು ಹೊಗೆಯಾಡಿಸುವ ಕಲ್ಯು ನಮ್ಮ ಬೇಲಿಯಾಚೆಯವನು. ಸ್ಪ್ರಾಟ್ ಮೀನು ಕೊಡಲು ಬಂದಾಗಲೆಲ್ಲ ಮೇಜು ನೋಡಿ ನಗುತ್ತಿದ್ದ.

"ಬಿತ್ತನೆ ಆಯ್ತಾ ಅಜ್ಜೀ? ಒಂದ್ ಮಳೆ ಬಿದ್ರೆ ಮೇಜು ತುಂಬ ಬೆಳೆ!"

"ನಿನ್ನ ತಲೆ ಮೇಲೆ ಬಿತ್ತಿದ್ರೆ ಇನ್ನೂ ಚೆನ್ನಾಗಿ ಬರ್ತಿತ್ತು ಕಣೋ. ಅಲ್ಲಿ ಖಾಲಿ ಜಾಗ ಬೇಕಾದಷ್ಟಿದೆ."

ಕಲ್ಯು ತನ್ನ ಬೋಳುತಲೆ ಸವರಿಕೊಂಡು ಹೋಗುತ್ತಿದ್ದ. ನಾನು ಪಕ್ಕದ ಮನೆಯವಳು. ದಿನವೂ ಶಾಲೆ ಬಿಟ್ಟ ಮೇಲೆ ಅಲ್ಲೇ ಕೂತು ನೂಲು ಸುತ್ತುತ್ತಿದ್ದೆ. ಬೆಕ್ಕು ಮೇಜು ಹತ್ತದಂತೆ ಕಾಯುವುದೂ ನನ್ನ ಕೆಲಸವೇ.

ಅಜ್ಜಿಯ ವಿನ್ಯಾಸಗಳೆಲ್ಲ ಅವಳು ಕಂಡವುಗಳಿಂದ ಬಂದವು. ಇಬ್ಬನಿ ಹೆಪ್ಪುಗಟ್ಟಿದ ಬರ್ಚ್ ಕೊಂಬೆ, ಕೊಲ್ಲಿಯ ಜೊಂಡು, ಅವಳ ತಾಯಿ ಒಲೆಯ ಮೇಲೆ ಕಟ್ಟುತ್ತಿದ್ದ ಈರುಳ್ಳಿಯ ಸರ. "ಕಂಡಿದ್ದನ್ನೆಲ್ಲ ಹೆಣೀಬಾರ್ದು ಮಗೂ" ಎನ್ನುತ್ತಿದ್ದಳು. "ಕಣ್ಣು ಮುಚ್ಚಿದ ಮೇಲೆ ಎಷ್ಟು ಉಳಿಯುತ್ತೋ ಅಷ್ಟೇ ಹೆಣೀಬೇಕು."

ಶಾಲನ್ನು ಅವಳು ಯಾವಾಗಲೂ ಎರಡು ಅರ್ಧಗಳಾಗಿ ಹೆಣೆಯುತ್ತಿದ್ದಳು. ಒಂದೊಂದನ್ನೂ ಅಂಚಿನಿಂದ ಶುರುಮಾಡಿ ನಡುವಿಗೆ ಬಂದು, ಕೊನೆಗೆ ಎರಡನ್ನೂ ಸೂಜಿಯಿಂದ ಕಾಣದಂತೆ ಕೂಡಿಸುವುದು. ಒಂದೇ ಕಡೆಯಿಂದ ಹೆಣೆದರೆ ಎದೆಯ ಒಂದು ಬದಿಗೆ ಹೂ ನೆಟ್ಟಗಿರುತ್ತದೆ, ಇನ್ನೊಂದು ಬದಿಗೆ ತಲೆಕೆಳಗಾಗುತ್ತದೆ. "ಹೊದ್ದವಳು ಅರ್ಧ ಸತ್ತ ಹಾಗೆ ಕಾಣ್ತಾಳೆ" ಎಂದು ಅವಳ ತಾಯಿ ಹೇಳುತ್ತಿದ್ದಳಂತೆ.

ಕಳೆದ ಚಳಿಗಾಲ ಮೇಜಿನ ಮೇಲೆ ಮೂಡಿದ್ದು ಹೂವಲ್ಲ. ಬಾರ್ಲಿ ಕಾಳಿನ ಬಯಲ ನಡುವೆ ಬಟಾಣಿಯ ಗುಂಪುಗಳು, ಒಂದು ಎಡಕ್ಕೆ, ಒಂದು ಬಲಕ್ಕೆ. ಪ್ರತಿ ಗುಂಪೂ ಮುಂದೆ ಅಗಲ, ಹಿಂದೆ ಕಿರಿದು. ನಾನು ತುಂಬ ಹೊತ್ತು ನೋಡಿ "ಹೆಜ್ಜೆಗಳಾ?" ಎಂದೆ.

"ಏಂಡೆಲ್‌ದು" ಎಂದಳು.

ಏಂಡೆಲ್ ಅವಳ ಅಣ್ಣ. ಅವನ ಹೆಸರನ್ನು ಆ ಮನೆಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅವರ ತಂಗಿ ಮೇತಾ ಹನ್ನೊಂದರ ಹುಡುಗಿಯಾಗಿದ್ದಾಗ ಕೊಲ್ಲಿಯ ಆಚೆ ದಡದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು. ಮನೆ ನೆನಪಾಗಿ ಅಳುತ್ತಿದ್ದಾಳೆಂದು ಸುದ್ದಿ ಬಂತು. ಮಾರ್ಚ್ ತಿಂಗಳು. ಕೊಲ್ಲಿ ಇನ್ನೂ ಹೆಪ್ಪುಗಟ್ಟಿಯೇ ಇತ್ತು, ಮೇಲೆ ಹೊಸ ಹಿಮ ಬಿದ್ದಿತ್ತು. ಏಂಡೆಲ್ ಅವಳನ್ನು ಕರೆತರಲು ನಡೆದುಕೊಂಡೇ ಹೊರಟ. ಆಗಿನ್ನೂ ಹುಡುಗಿಯಾಗಿದ್ದ ಅಜ್ಜಿ ಜೊಂಡಿನವರೆಗೆ ಜೊತೆಗೆ ಹೋಗಿ, ಅವನು ಚುಕ್ಕೆಯಾಗುವವರೆಗೂ ನಿಂತಿದ್ದಳು. ನಡುಗೊಲ್ಲಿಯಲ್ಲಿ ಮಂಜುಗಡ್ಡೆ ಒಡೆಯಿತು. ದಡದಿಂದ ಕಾಣುತ್ತಿದ್ದುದು ಹೋದ ಹೆಜ್ಜೆಗಳು ಮಾತ್ರ.

ಆಮೇಲೆ ಅಕ್ಕ ತಂಗಿ ಒಮ್ಮೆಯೂ ಅದರ ಬಗ್ಗೆ ಮಾತಾಡಲಿಲ್ಲ. ಮೇತಾ ಮದುವೆಯಾಗಿ ಪ್ಯಾರ್ನುವಿಗೆ ಹೋದಳು. ಪ್ರತಿ ವರ್ಷ ನಡುಬೇಸಿಗೆಯ ಯಾನಿ ಹಬ್ಬದಲ್ಲಿ ಊರವರು ಹಚ್ಚುವ ಬೆಂಕಿಗೆ ಬರುತ್ತಿದ್ದಳಾದರೂ ಕೊಲ್ಲಿಯ ಕಡೆಗೆ ಹೆಜ್ಜೆ ಇಡುತ್ತಿರಲಿಲ್ಲ. ಈಗ ಅವಳ ಹೃದಯಕ್ಕೆ ಆಪರೇಷನ್ ಆಗಬೇಕಿತ್ತು.

"ತನ್ನಿಂದಾನೇ ಅವ್ನು ಹೋದ ಅಂತ ಅಂದ್ಕೊಂಡೇ ಅವ್ಳು ಬದುಕಿದ್ದಾಳೆ" ಎಂದಳು ಅಜ್ಜಿ. "ನಾನು ಹಾಗಂದ್ಕೊಂಡಿಲ್ಲ ಅಂತ ಹೇಳ್ಬೇಕು. ಡಾಕ್ಟ್ರ ಕೈಗೆ ಹೋಗೋಕ್ಮುಂಚೆ ಹೇಳ್ಬೇಕು. ಬಾಯಲ್ಲಿ ಬರಲ್ಲ. ಕೈಯಲ್ಲಾದ್ರೂ ಬರುತ್ತೇನೋ."

ಕಣ್ಣು ಮಂಜಾಗಿದ್ದರಿಂದ ಕಿಟಕಿಯ ಬೆಳಕು ಇದ್ದಷ್ಟು ಹೊತ್ತು ಮಾತ್ರ ಹೆಣೆದಳು. ಮೊದಲ ಅರ್ಧ ಮುಗಿದಾಗ ಕುಣಿಕೆಗಳನ್ನು ದಾರಕ್ಕೆ ಪೋಣಿಸಿ ಬಟ್ಟೆಯ ಚೀಲದಲ್ಲಿಟ್ಟಳು. ಎರಡನೆಯದನ್ನೂ ಹೆಣೆದು ಎರಡನ್ನೂ ಕೂಡಿಸುವಷ್ಟರಲ್ಲಿ ಬೇಸಿಗೆ ಬಂತು. ಹೆಣೆಯುತ್ತಿರುವಾಗ ಈ ಬಗೆಯ ಶಾಲು ಮುದುಡಿದ ಚಿಂದಿಯಂತಿರುತ್ತದೆ. ತೊಳೆದು, ಸುತ್ತ ಮೊಳೆ ಹೊಡೆದ ಮರದ ಚೌಕಟ್ಟಿಗೆ ಬಿಗಿದು ಎಳೆದಾಗಲೇ ಏನು ಹೆಣೆದಿದ್ದೇವೆಂದು ನಮಗೂ ತಿಳಿಯುವುದು.

ಹಬ್ಬಕ್ಕೆ ಮುಂಚಿನ ದಿನ ಬೆಳಗ್ಗೆ ಅಂಗಳದ ಸೇಬಿನ ಮರದ ನೆರಳಲ್ಲಿ ಚೌಕಟ್ಟು ಇಟ್ಟೆವು. ಒದ್ದೆ ಶಾಲಿನ ಅಂಚಿನ ಒಂದೊಂದು ಮೊನೆಯನ್ನೂ ಮೊಳೆಗೆ ಸಿಕ್ಕಿಸುತ್ತ ನಾನು ಒಂದು ಕಡೆಯಿಂದ, ಅವಳು ಇನ್ನೊಂದು ಕಡೆಯಿಂದ ಬಂದೆವು. ಬಟ್ಟೆ ಬಿಗಿಯಾಯಿತು. ತೂತುಗಳು ತೆರೆದುಕೊಂಡವು. ಹಿಮದಂಥ ಬಯಲ ಮೇಲೆ ಹೆಜ್ಜೆಗಳು ಎದ್ದು ನಿಂತವು.

ಅಜ್ಜಿಯ ಕೈ ಮೊಳೆಯ ಮೇಲೇ ನಿಂತಿತು.

ಹೆಜ್ಜೆಗಳು ಒಂದು ಅಂಚಿನಿಂದ ಹೊರಟು ಇನ್ನೊಂದು ಅಂಚಿಗೆ ಹೋಗುತ್ತಿರಲಿಲ್ಲ. ಎರಡೂ ಅಂಚುಗಳಿಂದ ಹೊರಟು ನಡುವೆ ಎದುರುಬದುರಾಗಿದ್ದವು. ಹೂವಿಗೆ ಮಾಡುವ ಹಾಗೆಯೇ ಅವಳ ಕೈ ಎರಡು ಅರ್ಧಗಳನ್ನೂ ಅಂಚಿನಿಂದ ಹೆಣೆದುಬಿಟ್ಟಿತ್ತು.

"ಒಬ್ನೇ ಹೋದ ಅವ್ನು" ಎಂದಳು. ಧ್ವನಿ ಸಣ್ಣದಾಗಿತ್ತು. "ಒಬ್ನೇ ಹೋದ. ಇದ್ಯಾರು ಎದುರಿಗೆ ಬರ್ತಿರೋದು? ಏನ್ ಮಾಡ್ಬಿಟ್ಟೆ ನಾನು! ತೆಗಿ ಮಗೂ, ಬಿಚ್ಚೋಣ."

"ಅರ್ಧ ಪೂರ್ತಿ ಬಿಚ್ಬೇಕಾಗುತ್ತೆ ಅಜ್ಜಿ" ಎಂದೆ. ಅದು ಅವಳಿಗೂ ಗೊತ್ತಿತ್ತು. ಮೇತಾ ಮರುದಿನ ಬರುವವಳಿದ್ದಳು. ಆದರೂ ಅಜ್ಜಿ ಒಂದೊಂದೇ ಮೊಳೆಯಿಂದ ಅಂಚು ಬಿಡಿಸತೊಡಗಿದಳು.

ಆಗ ಗೇಟು ಕಿರುಗುಟ್ಟಿತು. ಕಲ್ಯು ಒಂದು ಪೆಟ್ಟಿಗೆ ಹಿಡಿದುಕೊಂಡು ಬರುತ್ತಿದ್ದ. ಅವನ ಹಿಂದೆ ಮೇತಾ.

"ಒಂದಿನ ಮುಂಚೇನೇ ಬಂದೆ ಕಣೇ. ಇವ್ನು ಬಸ್ ಸ್ಟ್ಯಾಂಡಲ್ಲಿ ಸಿಕ್ದ. ಇವ್ನ ಕಾರಲ್ಲಿ ಬಂದ್ಮೇಲೆ ಆಪರೇಷನ್ನೇ ಬೇಕಾಗಿಲ್ಲ, ಹೃದಯ ದಾರೀಲೇ ಎಲ್ಲೋ ಕಳಚಿ ಬಿತ್ತು."

"ಹಿಂದೆ ಹೋಗಿ ಹುಡುಕ್ಕೊಂಡ್ ಬರ್ತೀನಿ ಬಿಡಿ" ಎಂದು ಕಲ್ಯು ಪೆಟ್ಟಿಗೆ ಇಟ್ಟು ಹೊರಟುಹೋದ.

ಅಜ್ಜಿ ಚೌಕಟ್ಟಿಗೆ ಅಡ್ಡ ನಿಂತಳು. ಆದರೆ ಚೌಕಟ್ಟು ಅವಳಿಗಿಂತ ಅಗಲವಾಗಿತ್ತು. ಮೇತಾ ನಗುತ್ತಲೇ ಬಗ್ಗಿ ನೋಡಿದಳು. ನಗು ಹೋಯಿತು. ಮುಟ್ಟದೆ, ಬೆರಳನ್ನು ಮೇಲಷ್ಟೇ ಹಿಡಿದು, ಒಂದು ಅಂಚಿನಿಂದ ಹೆಜ್ಜೆಗಳ ಜೊತೆ ನಡುವಿನವರೆಗೆ ತಂದಳು. ಆಮೇಲೆ ಇನ್ನೊಂದು ಅಂಚಿಗೆ ಹೋಗಿ ಅಲ್ಲಿಂದಲೂ ಹಾಗೆಯೇ ಬಂದಳು.

"ಇದು ನಮ್ಮ ಕೊಲ್ಲಿ" ಎಂದಳು.

ಅಜ್ಜಿ ತಲೆಯಾಡಿಸಿದಳು.

"ನಾನೂ ಹೊರಟಿದ್ದೆ ಅಂತ ನಿಂಗೆ ಯಾರು ಹೇಳಿದ್ರು?"

ಅಜ್ಜಿ ಅವಳತ್ತ ತಿರುಗಿದಳು.

"ಚಿಕ್ಕಮ್ಮಂಗೂ ಗೊತ್ತಿರಲಿಲ್ಲ. ಅವ್ನು ಬರ್ತಿರೋದು ಅಟ್ಟದ ಕಿಟಕಿಯಿಂದ ಕಾಣ್ತು. ಎದುರು ಓಡ್ದೆ. ಕೂಗ್ತಾ ಓಡ್ದೆ. ಅವ್ನು ಕೈ ಎತ್ತಿ, ಬರ್ಬೇಡ, ಅಲ್ಲೇ ನಿಲ್ಲು ಅಂದ. ನಿಂತೆ. ಅಷ್ಟೊತ್ತಿಗೆ..." ಮೇತಾ ಚೌಕಟ್ಟಿನ ಮರವನ್ನು ಹಿಡಿದುಕೊಂಡಳು. "ತಿರುಗಿ ಓಡ್ಬಿಟ್ಟೆ. ಚಿಕ್ಕಮ್ಮನ ಮನೆ ಹಾಸಿಗೇಲಿ ಮುಸುಕು ಹಾಕ್ಕೊಂಡು ಮಲಗ್ದೆ. ಯಾರಿಗೂ ಹೇಳ್ಲಿಲ್ಲ. ನೀನು ಯಾವತ್ತಿಂದ ತಿಳ್ಕೊಂಡಿದ್ದೆ?"

ಇಷ್ಟು ವರ್ಷ ತಿಳಿದಿದ್ದೆ, ಕ್ಷಮಿಸಿದ್ದೆ ಎಂದು ಅಜ್ಜಿ ಹೇಳಬಹುದಿತ್ತು. ಅವಳು ನನ್ನ ಮುಖ ನೋಡಿದಳು, ಆಮೇಲೆ ತಂಗಿಯ ಮುಖ.

"ನಂಗೆ ಗೊತ್ತಿರ್ಲಿಲ್ಲ ಮೇತಾ" ಎಂದಳು. "ಅವ್ನೊಬ್ಬನ್ನೇ ಹೆಣೀಬೇಕು ಅಂತಿದ್ದೆ. ಕೈ ಅಮ್ಮ ಕಲಿಸಿದ ಹಾಗೆ ಎರಡೂ ಕಡೆಯಿಂದ ಹೆಣೀತು. ಈಗಷ್ಟೇ ನೋಡ್ದೆ. ಬಿಚ್ಚೋಕೆ ಹೊರಟಿದ್ದೆ."

ಮೇತಾ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಜ್ಜಿ ಅವಳ ಹತ್ತಿರ ಹೋಗಿ ಕೋಟಿನ ಗುಂಡಿ ಬಿಚ್ಚತೊಡಗಿದಳು, ಸಣ್ಣ ಹುಡುಗಿಯದನ್ನು ಬಿಚ್ಚುವ ಹಾಗೆ. "ನಿಲ್ಲು ಅಂದ, ನೀನು ನಿಂತೆ" ಎಂದಳು. "ಅದಕ್ಕೇ ಒಬ್ಳಾದ್ರೂ ಉಳಿದ್ಲು."

ಮೇತಾ ಮೂಗು ಒರೆಸಿಕೊಂಡು ಮತ್ತೆ ಶಾಲಿನತ್ತ ಬಗ್ಗಿದಳು. ನಡುವಿನ ಕೂಡಿಕೆಗಿಂತ ಒಂದು ಗೇಣು ಹಿಂದೆ ಬೆರಳಿಟ್ಟಳು.

"ನಾನು ನಿಂತಿದ್ದು ಇಲ್ಲಿ. ಅಲ್ಲೀವರೆಗೆ ಹೋಗ್ಲಿಲ್ಲ."

"ಅಷ್ಟನ್ನ ಬಿಚ್ಚಿ ಸರಿ ಮಾಡ್ಲಾ?" ಎಂದು ಅಜ್ಜಿ ಕೇಳಿದಳು.

ಮೇತಾ ಬೆರಳನ್ನು ಅಲ್ಲಿಂದ ನಡುವಿನವರೆಗೆ ಸರಿಸಿದಳು.

"ಬೇಡ" ಎಂದಳು. "ಇರ್ಲಿ. ಇಲ್ಲಾದ್ರೂ ಇಬ್ರೂ ಸಿಗ್ಲಿ ಬಿಡು."

ಅಜ್ಜಿ ಬಿಡಿಸಿದ್ದ ಅಂಚನ್ನು ನಾನು ಮತ್ತೆ ಮೊಳೆಗಳಿಗೆ ಸಿಕ್ಕಿಸಿದೆ. ಅವರಿಬ್ಬರೂ ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂತರು. ಅಜ್ಜಿ ಹುಳಿ ದಂಟಿನ ರೂಬಾರ್ಬ್ ಕೇಕಿನ ತುಂಡು ಕೊಟ್ಟಳು.

"ಏಂಡೆಲ್‌ಗೆ ಇದು ಸೇರ್ತಿರಲಿಲ್ಲ" ಎಂದಳು.

"ಸುಳ್ಳು. ಅಮ್ಮ ಮಾಡಿದ್ದು ತಿಂತಿದ್ದ. ನೀನು ಮಾಡಿದ್ದು ಸೇರ್ತಿರಲಿಲ್ಲ."

"ನಿಂಗೇನ್ ಗೊತ್ತು, ಮೂಗಲ್ಲಿ ಸಿಂಬಳ ಸುರಿಸ್ಕೊಂಡು ಓಡಾಡ್ತಿದ್ದವ್ಳಿಗೆ?"

ಅವನ ಹೆಸರು ಹಿಡಿದು ಅವರು ಜಗಳವಾಡುತ್ತಲೇ ಇದ್ದರು. ಇಬ್ಬನಿ ಬೀಳುವ ಮೊದಲು ನಾವು ಮೂವರೂ ಚೌಕಟ್ಟನ್ನು ಎತ್ತಿ ಒಳಗೆ ತಂದೆವು. ಅದನ್ನು ಇಡಲು ಮೇಜಿನ ಮೇಲಿನ ಬಟಾಣಿಯನ್ನೂ ಬಾರ್ಲಿಯನ್ನೂ ಅಜ್ಜಿ ಅಂಗೈಯಿಂದ ಒಂದೇ ಬಟ್ಟಲಿಗೆ ಬಳಿದು ಹಾಕಿದಳು.