ಓಡದೆ ನಿಂತ ಲಕ್ಷ್ಮೀನರಸಿಂಹಯ್ಯ

ಗೂಳೂರಿನ ಲಕ್ಷ್ಮೀನರಸಿಂಹಯ್ಯನವರು ಓಲಗದವರು. ಒಂಬತ್ತನೇ ವಯಸ್ಸಿಗೆ ತಂದೆಯಿಂದ ನಾಗಸ್ವರ ಕಲಿತವರು, ಅರವತ್ತೆರಡರವರೆಗೂ ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಎಷ್ಟು ಮದುವೆ ಮಾಡಿಸಿದರೋ ಅವರಿಗೇ ಗೊತ್ತಿಲ್ಲ. ಮದುವೆ ಮಾಡಿಸಿದರು ಅಂತಲೇ ಬರೆಯುತ್ತೇನೆ, ಪುರೋಹಿತರು ಬೇಕಾದರೆ ಬೇಜಾರು ಮಾಡಿಕೊಳ್ಳಲಿ. ಗಟ್ಟಿಮೇಳವಿಲ್ಲದೆ ತಾಳಿ ಕಟ್ಟಿದ್ದನ್ನು ನಮ್ಮ ಕಡೆ ನಾನಂತೂ ನೋಡಿಲ್ಲ.

ನಾನು ಅಶ್ವಥ್. ಶೆಟ್ಟಿಹಳ್ಳಿಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆಗಳ ಫೋಟೋ, ವಿಡಿಯೋ ಮಾಡುತ್ತೇನೆ. ಹದಿನಾಲ್ಕು ವರ್ಷದ ಹಿಂದೆ ಗುಬ್ಬಿಯಲ್ಲಿ ನನ್ನ ಮೊದಲ ಮದುವೆ, ಅಂದರೆ ನಾನು ಕ್ಯಾಮೆರಾ ಹಿಡಿದ ಮೊದಲ ಮದುವೆ. ತಾಳಿ ಕಟ್ಟುವ ಹೊತ್ತಿಗೆ ನೆಂಟರೆಲ್ಲ ಮಂಟಪಕ್ಕೆ ಮುಗಿಬೀಳುತ್ತಾರೆ, ಆ ಒಂದು ಗಳಿಗೆ ತಪ್ಪಿದರೆ ಫೋಟೋದವನ ಕಥೆ ಮುಗಿಯಿತು. ನಾನು ಪುರೋಹಿತರ ಬಾಯನ್ನೇ ನೋಡುತ್ತಾ ನಿಂತಿದ್ದದ್ದನ್ನು ಓಲಗದ ಜಮಖಾನದ ಮೇಲೆ ಕೂತಿದ್ದ ಇವರು ನೋಡಿದರು.

"ಐನೋರ ಬಾಯಿ ನೋಡ್ಬೇಡ ಕಣಪ್ಪ. ನನ್ನ ಹುಬ್ಬು ನೋಡು. ಹುಬ್ಬು ಎತ್ತುದ್ನಾ, ಒತ್ತು" ಅಂದರು.

ಎತ್ತಿದರು, ಒತ್ತಿದೆ. ಅಲ್ಲಿಂದಾಚೆಗೆ ಅವರಿದ್ದ ಯಾವ ಮದುವೆಯಲ್ಲೂ ನನಗೆ ತಾಳಿ ಫೋಟೋ ತಪ್ಪಲಿಲ್ಲ.

ಮುಹೂರ್ತ ಮುಗಿಯುವವರೆಗೆ ಅವರು ಬಿಸಿನೀರು ಬಿಟ್ಟು ಏನೂ ಮುಟ್ಟುತ್ತಿರಲಿಲ್ಲ. ಬ್ಯಾಂಡ್ ಸೆಟ್ ಕಂಡರೆ ಆಗುತ್ತಿರಲಿಲ್ಲ, "ಅದು ಗಲಾಟೆ, ಓಲಗ ಅಲ್ಲ" ಅನ್ನುತ್ತಿದ್ದರು. ಊಟಕ್ಕೆ ಕರೆಯುವವರಿಲ್ಲದೆ ನಾನು ಮುಖ ಊದಿಸಿಕೊಂಡು ಕೂತಿದ್ದರೆ, "ಓಲಗದೋರ್ಗೆ ಕೊನೇ ಪಂಕ್ತಿ, ಫೋಟೋದೋರ್ಗೆ ಅದರಿಂದಾಚೆ. ಬಾರಪ್ಪ, ಸಾರು ತಳದಲ್ಲೇ ರುಚಿ" ಅಂತ ಕೈಹಿಡಿದು ಎಬ್ಬಿಸುತ್ತಿದ್ದರು. ಶುರುಮಾಡಿದ ಶಾಸ್ತ್ರದ ಓಲಗವನ್ನು ನಡುವೆ ನಿಲ್ಲಿಸುತ್ತಿರಲಿಲ್ಲ. ಒಮ್ಮೆ ಶಾಮಿಯಾನವೇ ಗಾಳಿಗೆ ಕಿತ್ತು ಬಂದಾಗಲೂ ನಿಲ್ಲಿಸಲಿಲ್ಲ.

ಅವರ ಒಬ್ಬಳೇ ಮಗಳು ಹೇಮಶ್ರೀ, ಕುಣಿಗಲ್‌ನಲ್ಲಿ ಟೀಚರ್. ಹೋದ ವರ್ಷ ಅವಳ ಮದುವೆ ವೈಶಾಖಕ್ಕೆ ಗೊತ್ತಾಯಿತು. ಹೆಣ್ಣಿನ ತಂದೆ ಧಾರೆ ಎರೆಯಬೇಕಲ್ಲ, ಓಲಗಕ್ಕೆ ಬೇರೆಯವರನ್ನು ಹೇಳಿದ್ದೀರಾ ಅಂತ ಕೇಳಿದೆ.

"ಯಾಕೆ? ಧಾರೆ ಎರೆದು, ಕೈ ಒರೆಸ್ಕಂಡು, ತಾಳಿ ಹೊತ್ಗೆ ನಾಗಸ್ವರ ಹಿಡೀತೀನಿ. ಈ ಊರಿನ್ ಮಕ್ಕಳಿಗೆಲ್ಲ ಊದಿವ್ನಿ, ನನ್ನ ಮಗಳಿಗೆ ಬ್ಯಾರೆಯೋನು ಊದ್ತಾನಾ?"

"ಬೀಗರು ಏನಂದ್ಕಂಡಾರು?" ಅಂತ ಒಳಗಿಂದ ಅವರ ಹೆಂಡತಿ ಸಿದ್ದಲಕ್ಷ್ಮಮ್ಮ ಕೂಗಿದರು.

"ಬೀಗರು ನಾನು ಊದೋದ್ನ ಕೇಳೇ ಹೆಣ್ಣು ಕೇಳಕ್ ಬಂದಿದ್ದು, ಸುಮ್ಕಿರು."

ಆ ಕಾಲಕ್ಕೆ ನಾನು ಹೊಸ ಡ್ರೋನ್ ತಂದಿದ್ದೆ. ಹಳೆಯದಕ್ಕೆ ಕಣ್ಣಿರಲಿಲ್ಲ. ಅದನ್ನು ಹಾರಿಸುವ ಮುಂಚೆ ತೋಟವನ್ನೆಲ್ಲ ಕತ್ತೆತ್ತಿಕೊಂಡು ಸುತ್ತಿ, ಎಲ್ಲಿ ಗರಿ ಇಳಿಬಿದ್ದಿದೆ, ಎಲ್ಲಿ ಲೈಟಿನ ವೈರ್ ಇದೆ ಅಂತ ನೋಡಿಕೊಳ್ಳುತ್ತಿದ್ದೆ. ಹೊಸದಕ್ಕೆ ಸುತ್ತಲೂ ಸೆನ್ಸರ್. ಅಡ್ಡ ಏನು ಬಂದರೂ ತಾನೇ ನಿಂತುಬಿಡುತ್ತೆ ಅಂತ ಮಾರಿದವನು ಹೇಳಿದ, ನಂಬಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದು ನನ್ನಂಥವರಿಗೇ ಮಾಡಿದ ಗಾದೆ. ತೋಟ ಸುತ್ತುವುದನ್ನು ಬಿಟ್ಟೆ.

ಅದರ ಜೊತೆಗೆ ಇನ್ನೊಂದು ಕೆಟ್ಟ ಅಭ್ಯಾಸ ಕಲಿತೆ. ಡ್ರೋನ್ ತಗ್ಗಿದರೆ ಸಾಕು, ಜನ ದಿಕ್ಕಾಪಾಲಾಗುತ್ತಾರೆ, ಶಾಟ್ ಹಾಳಾಗುತ್ತದೆ. ಅದಕ್ಕೇ ಶೂಟಿಂಗ್‌ಗೆ ಮುಂಚೆ ಯಾರಾದರೊಬ್ಬರನ್ನು ನಿಲ್ಲಿಸಿ ಅವರ ಎದೆಗೇ ಹಾರಿಸುತ್ತಿದ್ದೆ. ಮಾರುದೂರದಲ್ಲಿ ಅದು ಗಕ್ಕನೆ ನಿಲ್ಲುತ್ತಿತ್ತು, ಜನ ಹೋ ಅನ್ನುತ್ತಿದ್ದರು. "ನೋಡಿದ್ರಲ್ಲ, ಅದೇ ನಿಂತ್ಕೊಳ್ಳುತ್ತೆ. ಯಾರೂ ಓಡಬೇಡಿ" ಅನ್ನುತ್ತಿದ್ದೆ.

ಮಾಘ ಮಾಸದಲ್ಲಿ ಅಮೃತೂರಿನ ಹತ್ತಿರ, ತೆಂಗಿನ ತೋಟದ ಮನೆಯಲ್ಲಿ ಮದುವೆ. ಬೆಳಿಗ್ಗೆ ಹೆಂಗಸರು ಬೋರ್‌ವೆಲ್ ಹತ್ತಿರ ಗಂಗಮ್ಮನ ಪೂಜೆ ಮಾಡಿ, ತುಂಬಿದ ಬಿಂದಿಗೆ ಹೊತ್ತು ಮನೆಗೆ ಬರಬೇಕು, ಓಲಗದವರು ಮುಂದೆ. ಅವತ್ತು ಎದೆಯೊಡ್ಡಿ ನಿಂತವರು ಲಕ್ಷ್ಮೀನರಸಿಂಹಯ್ಯನವರೇ. ಡ್ರೋನ್ ಬಂದಾಗ ಕಣ್ಣು ಮುಚ್ಚಿಕೊಂಡರು, ನಿಂತ ಮೇಲೆ ಒಂದೊಂದೇ ಕಣ್ಣು ಬಿಟ್ಟು ನಕ್ಕರು. "ಪರವಾಗಿಲ್ಲ, ಮರ್ಯಾದೆ ಗೊತ್ತಿರೋ ಹಕ್ಕಿ."

ಆಮೇಲೆ ದಾರಿಯ ಕಡೆ ಕೈ ತೋರಿಸಿದರು. ಅಲ್ಲಿ ವಾಲಿದ ತೆಂಗಿನ ಮರವೊಂದನ್ನು ಬೀಳದ ಹಾಗೆ ಪಕ್ಕದ ಮರಕ್ಕೆ ತಂತಿಯಲ್ಲಿ ಬಿಗಿದಿದ್ದರು. "ಅಲ್ಲೊಂದು ತಂತಿ ಐತೆ ಕಣಪ್ಪ. ಕಾಣ್ತದಾ ಅದಕ್ಕೆ?"

"ಅದಕ್ಕೆ ಹಿಂದೂ ಮುಂದೂ ಕಣ್ಣಿದೆ ಯಜಮಾನ್ರೇ. ನೀವು ಊದಿ" ಅಂದೆ. ತಲೆಯೆತ್ತಿ ಸಹ ನೋಡಲಿಲ್ಲ. ಎರಡು ಹೆಜ್ಜೆ ನಡೆದಿದ್ದರೆ ಆಗಿತ್ತು.

ಮೆರವಣಿಗೆ ಹೊರಟಿತು. ಓಲಗದವರ ಮುಖಕ್ಕೆ ಕ್ಯಾಮೆರಾ ತಿರುಗಿಸಿ, ಡ್ರೋನನ್ನು ಹಿಂದಕ್ಕೆ ಹಿಂದಕ್ಕೆ ಎಳೆದುಕೊಳ್ಳುತ್ತಾ ಬಂದೆ. ಮರದ ಬೊಡ್ಡೆಯಾಗಿದ್ದರೆ ನಿಲ್ಲುತ್ತಿತ್ತೇನೋ. ತಂತಿ ಅದಕ್ಕೆ ಕಾಣಲೇ ಇಲ್ಲ. ಬೆನ್ನು ಬಡಿದುಕೊಂಡು ಮುಂದಕ್ಕೆ ಮಗುಚಿ, ಗಿರಗಿರನೆ ಸುತ್ತುತ್ತಾ ಜನರ ಕಡೆಗೇ ಬಂತು. ಹೆಂಗಸರು ಬಿಂದಿಗೆ ಬಿಸಾಕಿ ಓಡಿದರು. ಡೋಲಿನ ತಿಮ್ಮರಾಜು ಡೋಲಿನ ಸಮೇತ ಪಾತಿಗೆ ಹಾರಿದ. ಲಕ್ಷ್ಮೀನರಸಿಂಹಯ್ಯನವರು ಮಾತ್ರ ಅದನ್ನೇ ನೋಡುತ್ತಾ, ಊದುತ್ತಾ ನಿಂತಿದ್ದರು. ರೆಕ್ಕೆ ಮೇಲ್ದುಟಿಗೆ ಬಡಿಯಿತು. ನಾಗಸ್ವರ ಬಾಯಿಗೆ ಒತ್ತಿ ಮುಂದಿನ ಎರಡು ಹಲ್ಲು ಹೋದವು.

ಬಾಯಿಗೆ ಟವೆಲ್ ಒತ್ತಿ ಅವರನ್ನು ಕಾರಿಗೆ ಹತ್ತಿಸುತ್ತಿದ್ದರು. ಮದುವೆ ಮನೆಯವರು ನನ್ನನ್ನು ಸುತ್ತುವರಿದು, ಹೇಗಾಯಿತು ಅಂತ ಕೇಳಿದರು. ಆಗ ನನ್ನ ಬಾಯಲ್ಲಿ ಬಂದ ಮಾತು ಇದು: "ಎಲ್ಲಾರೂ ಓಡಿದ್ರು. ಅವ್ರೊಬ್ರೇ ಓಡ್ಲಿಲ್ಲ. ವಯಸ್ಸಾಯ್ತಲ್ಲ, ಗೊತ್ತಾಗ್ಲಿಲ್ಲ ಅನ್ಸುತ್ತೆ."

ಹೇಡಿ ಮಾತು. ಕಾರಿನಲ್ಲಿದ್ದ ಅವರಿಗೂ ಅದು ಕೇಳಿಸಿತ್ತು.

ತುಮಕೂರಿನ ಆಸ್ಪತ್ರೆಯಲ್ಲಿ ಏಳು ಹೊಲಿಗೆ ಹಾಕಿದರು. ಆ ರಾತ್ರಿ ಡ್ರೋನಿನ ಡಬ್ಬಿಯಲ್ಲಿದ್ದ ಪುಸ್ತಕವನ್ನು ಮೊದಲ ಸಲ ಬಿಡಿಸಿದೆ. ತೆಳುವಾದ ತಂತಿ, ಸಣ್ಣ ರೆಂಬೆ, ಗಾಜು ಸೆನ್ಸರ್‌ಗೆ ಕಾಣದಿರಬಹುದು, ಮಬ್ಬು ಬೆಳಕಿನಲ್ಲಿ ಅದನ್ನು ನಂಬಬೇಡಿ, ಹಾರಿಸುವವನೇ ಕಣ್ಣಿಟ್ಟಿರಬೇಕು ಅಂತ ಸ್ಪಷ್ಟವಾಗಿ ಬರೆದಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಗೂಳೂರಿಗೆ ಹೋಗಲು ಧೈರ್ಯ ಬಂದದ್ದು ತಿಂಗಳಾದ ಮೇಲೆ. ಜಗಲಿಯ ಮೇಲೆ ಕೂತು ನಾಗಸ್ವರ ಹಿಡಿದಿದ್ದರು. ಹಲ್ಲು ಕಟ್ಟಿಸಿದ್ದರು, ಗಾಯವೂ ಮಾಗಿತ್ತು. ಆದರೆ ತುಟಿ ನಾಗಸ್ವರವನ್ನು ಕಚ್ಚಿ ಹಿಡಿಯುತ್ತಿರಲಿಲ್ಲ. ಊದಿದರೆ ಸ್ವರದ ಬದಲು ಗಾಳಿ ಪುಸ್ಸೆಂದು ಒಂದು ಕಡೆಯಿಂದ ಹೋಗುತ್ತಿತ್ತು. ಮತ್ತೆ ಊದಿದರು, ಮತ್ತೆ ಗಾಳಿ. ಒಳಗೆ ಸಿದ್ದಲಕ್ಷ್ಮಮ್ಮ ಪಾತ್ರೆ ಸದ್ದು ಮಾಡುವುದನ್ನು ನಿಲ್ಲಿಸಿದ್ದರು.

ಕಾಲಿಗೆ ಬಿದ್ದೆ. ಎಬ್ಬಿಸಿದರು. ತಡೆಯಲಾರದೆ ಕೇಳಿಯೇಬಿಟ್ಟೆ: "ಯಾಕೆ ಓಡ್ಲಿಲ್ಲ ಯಜಮಾನ್ರೇ?"

ನನ್ನ ಮುಖವನ್ನು ಆಶ್ಚರ್ಯದಿಂದ ನೋಡಿದರು. "ನೀನೇ ಹೇಳಿದ್ಯಲ್ಲಪ್ಪ, ಅದೇ ನಿಂತ್ಕಂತದೆ, ಓಡ್ಬೇಡಿ ಅಂತ."

ಕೋಪದಿಂದ ಹೇಳಿದ್ದರೆ ಒಳ್ಳೆಯದಿತ್ತು. ಸುಮ್ಮನೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕಾಫಿ ಕುಡಿದೇ ಹೋಗು ಅಂದರು. ಹೇಗೆ ಕುಡಿದೆನೋ ನೆನಪಿಲ್ಲ.

ವೈಶಾಖ ಬಂತು. ಹೇಮಶ್ರೀ ಮದುವೆಗೆ ಫೋಟೋ ನಾನೇ ತೆಗೆದೆ, ಡ್ರೋನ್ ತರಲಿಲ್ಲ. ಓಲಗಕ್ಕೆ ತಿಮ್ಮರಾಜು ಚಿಕ್ಕನಾಯಕನಹಳ್ಳಿ ಕಡೆಯ ಮೇಳವೊಂದನ್ನು ಕರೆಸಿದ್ದ. ಧಾರೆ ಎರೆದಾಯಿತು. ಪುರೋಹಿತರು ತಾಳಿಯನ್ನು ಕೈಗೆತ್ತಿಕೊಂಡರು. ನನ್ನ ಪಕ್ಕ ನಿಂತಿದ್ದ ಗಂಡಿನ ಕಡೆಯ ಹೆಂಗಸು ಇನ್ನೊಬ್ಬಳಿಗೆ ಹೇಳುತ್ತಿದ್ದಳು: "ಹೆಣ್ಣಿನಪ್ಪ ಊದ್ತೀನಿ ಅಂದಿದ್ರಂತೆ ಕಣೇ. ಡ್ರೋನ್ ಬಿದ್ದಾಗ ಎಲ್ಲಾರೂ ಓಡುದ್ರೆ ಇವ್ರು ಹಂಗೇ ನಿಂತಿದ್ರಂತೆ. ವಯಸ್ಸಾಯ್ತಲ್ಲ, ತಿಳೀಲಿಲ್ಲ."

ನನ್ನದೇ ಮಾತು. ಅಮೃತೂರಿನಿಂದ ಹೊರಟು ಅವರ ಮಗಳ ಮಂಟಪಕ್ಕೆ ಬಂದು ನಿಂತಿತ್ತು. ಅಲ್ಲ ಕಣಮ್ಮ, ಹಾಗಲ್ಲ ಅನ್ನಲು ಬಾಯಿ ತೆಗೆದೆ. ಅಷ್ಟರಲ್ಲಿ, ಹದಿನಾಲ್ಕು ವರ್ಷದ ಅಭ್ಯಾಸ, ಕಣ್ಣು ಅವರನ್ನು ಹುಡುಕಿತು.

ಲಕ್ಷ್ಮೀನರಸಿಂಹಯ್ಯನವರು ಧಾರೆಯ ನೀರು ಆರದ ಕೈಗಳನ್ನು ಮುಂದೆ ಜೋಡಿಸಿಕೊಂಡು ನಿಂತಿದ್ದರು. ಬೆರಳುಗಳು ಇಲ್ಲದ ನಾಗಸ್ವರದ ಮೇಲೆ ಆಡುತ್ತಿದ್ದವು. ನೇರವಾಗಿ ನನ್ನನ್ನೇ ನೋಡಿ ಹುಬ್ಬು ಎತ್ತಿದರು.

ಒತ್ತಿದೆ. ಗಟ್ಟಿಮೇಳ ಮೊಳಗಿತು, ಅಕ್ಷತೆ ಬಿತ್ತು. ತಿರುಗಿ ನೋಡುವಷ್ಟರಲ್ಲಿ ಆ ಹೆಂಗಸರು ಜನರಲ್ಲಿ ಸೇರಿಹೋಗಿದ್ದರು. ಫೋಟೋ ಚೆನ್ನಾಗಿ ಬಂದಿದೆ. ಅವರ ಮನೆಯ ಗೋಡೆಯ ಮೇಲಿದೆ.

ಅವತ್ತು ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಲಕ್ಷ್ಮೀನರಸಿಂಹಯ್ಯನವರಿಗೆ ವಯಸ್ಸಾಗಿ ತಿಳಿಯಲಿಲ್ಲ ಅನ್ನುವುದು ಸುಳ್ಳು. ಅವರು ತಂತಿಯನ್ನು ನೋಡಿದ್ದರು, ನನಗೆ ತೋರಿಸಿಯೂ ಇದ್ದರು. ಆಮೇಲೆ ನಿಂತದ್ದು, ನಾನು ಓಡಬೇಡಿ ಅಂದಿದ್ದಕ್ಕೆ.