ಬೆಳ್ಳಿ ಕಡ್ಡಿ ಮತ್ತು ಟೀಚರ ಹಲ್ಲು

ಎರ್ನಾಕುಳದ ಬೋಟ್ ಜೆಟ್ಟಿಯ ಹತ್ತಿರವಿದ್ದ ಆ ದಂತವೈದ್ಯರ ಬಳಿ ನಾನು ಕೆಲಸಕ್ಕೆ ಸೇರಿದ್ದು ಅವರು ಕನ್ನಡದವರು ಎಂಬ ಒಂದೇ ಕಾರಣಕ್ಕೆ. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿ ಇನ್ನೂ ಒಂದು ವರ್ಷವೂ ಆಗಿರಲಿಲ್ಲ. ಮುಂಬಯಿಯಲ್ಲಿ ಹಲ್ಲಿನ ವೈದ್ಯ ಓದಿ ಬಂದ ಮಗಳನ್ನು ಎಲ್ಲಿಗೆ ಕಳಿಸುವುದು ಎಂದು ಕೋರ್ಟಿನಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ದೊಡ್ಡ ಚಿಂತೆಯಾಗಿತ್ತು. ಮೈಸೂರಿನ ಕಡೆಯವರೊಬ್ಬರು ಎರ್ನಾಕುಳದಲ್ಲಿ ಹಲ್ಲಿನ ಆಸ್ಪತ್ರೆ ಇಟ್ಟಿದ್ದಾರೆ, ಸಹಾಯಕ್ಕೆ ಓದಿದವರು ಬೇಕಂತೆ ಎಂದು ಯಾರೋ ಹೇಳಿದ್ದೇ ತಡ, ಅಪ್ಪ ಕಾಗದ ಬರೆದರು. ಅದಕ್ಕೆ ಉತ್ತರವೂ ಕನ್ನಡದಲ್ಲೇ ಬಂತು, ದುಂಡಗಿನ ಅಕ್ಷರದಲ್ಲಿ. ಅಪ್ಪ ಅದನ್ನು ಎರಡು ಸಲ ಓದಿ, "ಅಕ್ಷರ ನೋಡಿದರೇ ಗೊತ್ತಾಗ್ತದೆ, ಒಳ್ಳೆಯ ಜನ. ಧೈರ್ಯವಾಗಿ ಹೋಗು" ಎಂದರು.

ಡಾಕ್ಟರಿಗೆ ಆಗ ಐವತ್ತರ ಆಸುಪಾಸು. ಬಿಳಿ ಪ್ಯಾಂಟು, ಬಿಳಿ ಕೋಟು, ಮಾತಿನಲ್ಲಿ ಮೈಸೂರಿನ ಮೃದುತನ. ನನ್ನನ್ನು 'ಅಮ್ಮ' ಎಂದೋ 'ತಾಯಿ' ಎಂದೋ ಕರೆಯುತ್ತಿದ್ದರು. ಭಾನುವಾರ ಅವರ ಮನೆಯಲ್ಲೇ ನನ್ನ ಊಟ. ಕಲೂರಿನಲ್ಲಿ ಒಂದು ಮನೆಯ ಹಿಂಭಾಗದ ಕೋಣೆ ಹಿಡಿದು, ವಾರವಿಡೀ ತೆಂಗಿನೆಣ್ಣೆಯ ಪಲ್ಯ, ಕುಚ್ಚಲಕ್ಕಿ ಗಂಜಿ ಉಣ್ಣುತ್ತಿದ್ದ ನನಗೆ ಅವರ ಹೆಂಡತಿ ಬಡಿಸುತ್ತಿದ್ದ ಸಾರು, ಕೋಸಂಬರಿಗಿಂತಲೂ ರುಚಿಯೆನಿಸಿದ್ದು ಊಟದ ಜೊತೆಗಿನ ಕನ್ನಡ ಮಾತು.

ಆ ಕಾಲದಲ್ಲಿ ಹಲ್ಲು ನೋವೆಂದು ಬಂದವರಲ್ಲಿ ಹೆಚ್ಚಿನವರು ಕುರ್ಚಿಯಲ್ಲಿ ಕೂರುವ ಮೊದಲೇ "ಕಿತ್ತುಬಿಡಿ" ಎನ್ನುತ್ತಿದ್ದರು. ನರ ಸತ್ತ ಹಲ್ಲನ್ನೂ ಉಳಿಸಬಹುದು ಎಂದರೆ ನಂಬುತ್ತಿರಲಿಲ್ಲ. ಬೇರಿನ ಒಳಗೆ ಕೂದಲಿನಷ್ಟು ಸಣ್ಣ ನಾಳ ಇರುತ್ತದೆ. ಅದರಲ್ಲಿ ಕೊಳೆತದ್ದನ್ನು ತೆಳ್ಳಗಿನ ಅರದಿಂದ ಕೆರೆದು ತೆಗೆದು, ತೊಳೆದು, ಒಣಗಿಸಿ, ತುದಿಯವರೆಗೆ ಏನನ್ನಾದರೂ ಭದ್ರವಾಗಿ ತುಂಬಬೇಕು. ಏನನ್ನು ತುಂಬಬೇಕು ಎಂಬುದರಲ್ಲೇ ನನಗೂ ಡಾಕ್ಟರಿಗೂ ಮೊದಲ ವಾರವೇ ಭಿನ್ನಾಭಿಪ್ರಾಯ ಬಂತು.

ಅವರದು ಬೆಳ್ಳಿ ಕಡ್ಡಿ. ನಾಳದ ಅಳತೆಗೆ ಸರಿಯಾದ ಒಂದು ಸಣ್ಣ ಬೆಳ್ಳಿ ಕಡ್ಡಿ ಆರಿಸಿ, ಲವಂಗದೆಣ್ಣೆಯಲ್ಲಿ ಕಲಸಿದ ಸಿಮೆಂಟು ಸವರಿ ಒಳಗೆ ಕೂರಿಸಿದರೆ ಮುಗಿಯಿತು. ಕಡ್ಡಿ ಗಟ್ಟಿ, ಸೊಟ್ಟ ಬೇರಿನಲ್ಲೂ ಸುಲಭವಾಗಿ ಇಳಿಯುತ್ತದೆ. ನಾನು ಕಲಿತದ್ದು ಗಟಾಪರ್ಚಾ, ಮಲಯದ ಕಡೆಯ ಒಂದು ಮರದ ಅಂಟಿನಿಂದ ಮಾಡುವ ಮೆತ್ತನೆಯ ಕಡ್ಡಿ. ಒಂದನ್ನು ಇಳಿಸಿ, ಚೂಪು ಸಲಾಕೆಯಿಂದ ಅದನ್ನು ಬದಿಗೆ ಒತ್ತಿ, ಆದ ಜಾಗದಲ್ಲಿ ಇನ್ನೊಂದು, ಮತ್ತೊಂದು, ಹೀಗೆ ಸಂದಿಯೇ ಉಳಿಯದ ಹಾಗೆ ತುಂಬುತ್ತಾ ಹೋಗಬೇಕು. ಕಾಲು ಗಂಟೆಯ ಕೆಲಸ ಮುಕ್ಕಾಲು ಗಂಟೆ ಹಿಡಿಯುತ್ತದೆ.

"ಎಕ್ಸ್‌ರೇ ನೋಡಮ್ಮ, ಹೇಗೆ ಹೊಳೀತಾ ಇದೆ! ನಿಂದು ಬೂದಿ ಬೂದಿ" ಎಂದು ಅವರು ನಗುತ್ತಿದ್ದರು.

"ಹೊಳೆಯುವುದು ಬೆಳ್ಳಿ ಸರ್. ನಾಳ ದುಂಡಗೆ ಇರುವುದಿಲ್ಲ, ಕಡ್ಡಿ ದುಂಡಗೆ ಉಂಟು. ಸುತ್ತ ಉಳಿದ ಸಂದಿಯಲ್ಲಿ ಬರೇ ಸಿಮೆಂಟು. ಅದು ಕರಗಿದರೆ ಎಂತ ಮಾಡುವುದು?"

ಅವರಿಗೆ ಸಿಟ್ಟು ಬರಲಿಲ್ಲ. ಬದಲಿಗೆ ಒಂದು ಉದ್ದನೆಯ ನೋಟ್‌ಬುಕ್ ತಂದು ನನ್ನ ಮುಂದಿಟ್ಟರು. "ಜಗಳ ಯಾಕೆ? ನನ್ನ ರೀತಿ ನಾನು ಮಾಡ್ತೀನಿ, ನಿನ್ನ ರೀತಿ ನೀನು ಮಾಡು. ಎಲ್ಲರದೂ ಎಕ್ಸ್‌ರೇ ತೆಗಿ, ಆರು ತಿಂಗಳಿಗೊಮ್ಮೆ ಕರೆಸು, ಆದದ್ದು ಆದ ಹಾಗೆ ಬರಿ. ಎರಡು ವರ್ಷ ಆದ ಮೇಲೆ ಯಾವುದು ಮೇಲು ಅಂತ ಹಲ್ಲೇ ಹೇಳತ್ತೆ" ಎಂದರು. ಅಂದು ಅವರ ಮೇಲೆ ಹುಟ್ಟಿದ ಗೌರವವನ್ನು ಹೇಗೆ ಹೇಳಲಿ? ಕಾಲೇಜಿನಲ್ಲಿ ನನ್ನ ಮಾತನ್ನು ಅಷ್ಟು ಗಂಭೀರವಾಗಿ ಯಾರೂ ತೆಗೆದುಕೊಂಡಿರಲಿಲ್ಲ.

ಆ ಎರಡು ವರ್ಷ ನಾನು ಗಾಣದೆತ್ತಿನಂತೆ ದುಡಿದೆ. ಬಾರದವರಿಗೆ ಕಾಗದ ಬರೆದು ಕರೆಸಿದೆ. ಎಡಪ್ಪಳ್ಳಿಗೆ ಬಸ್ಸು ಹಿಡಿದು ಹೋಗಿ, ಮನೆ ಹುಡುಕಿ, ಅಂಗಳದಲ್ಲೇ ನಿಂತು ಬಾಯಿ ತೆರೆಸಿ ನೋಡಿದ್ದೂ ಉಂಟು. ಎರಡೂ ರೀತಿಯಲ್ಲಿ ಗೆದ್ದದ್ದಿತ್ತು, ಸೋತದ್ದಿತ್ತು. ನನ್ನ ಗಟಾಪರ್ಚಾ ಒಂದೆರಡು ಕಡೆ ಬೇರಿನ ತುದಿ ದಾಟಿ ಹೊರಗೆ ಚಾಚಿ ನೋವು ಕೊಟ್ಟಿತು. ಅದನ್ನೂ ಬರೆದೆ. ಆದರೆ ಸಮಯ ಹೋದಂತೆ ಬೆಳ್ಳಿಯ ಹಲ್ಲುಗಳು ಹೆಚ್ಚು ಹೆಚ್ಚಾಗಿ ತಿರುಗಿ ಬರತೊಡಗಿದವು.

ಹಾಗೆ ಬಂದವರಲ್ಲಿ ವಲ್ಲಾರ್ಪಾಡಂ ದ್ವೀಪದ ಶಾಲೆಯ ಟೀಚರ್ ಒಬ್ಬರು. ನಲವತ್ತೈದು ದಾಟಿದ, ಗಟ್ಟಿ ದನಿಯ ಹೆಂಗಸು. ಮುಂದಿನ ಹಲ್ಲೊಂದು ಕಪ್ಪಾಗಿ ಕೀವು ತುಂಬಿತ್ತು. ಕೀಳಿಸಲೆಂದೇ ದೋಣಿ ಹತ್ತಿ ಬಂದಿದ್ದರು. "ಮುಂದಿನ ಹಲ್ಲು ಹೋದರೆ ಪಾಠ ಹೇಳುವಾಗ ಗಾಳಿ ಹೊರಡುತ್ತದೆ ಟೀಚರೇ, ಮಕ್ಕಳು ನಗುತ್ತಾರೆ. ಉಳಿಸುವ" ಎಂದು ನನಗೆ ಬಂದ ಹರುಕುಮುರುಕು ಮಲಯಾಳದಲ್ಲಿ ಒಪ್ಪಿಸಿದವಳು ನಾನೇ. "ನೀನು ಹೇಳಿದ್ದಕ್ಕೆ ಹೂಂ ಅಂತೇನೆ ಮೋಳೇ" ಎಂದು ಅವರು ನನ್ನ ಕೈ ಹಿಡಿದರು. ಮೋಳೇ ಎಂದರೆ ಮಗಳೇ. ನಾಳ ಸ್ವಚ್ಛ ಮಾಡಿದ್ದು ನಾನು. ತುಂಬುವ ದಿನ ನನಗೆ ಜ್ವರ. ಡಾಕ್ಟರು ಬೆಳ್ಳಿ ಹಾಕಿ ಕಳಿಸಿದ್ದರು.

ಏಳೆಂಟು ತಿಂಗಳಿಗೆ ತುಟಿ ಊದಿಸಿಕೊಂಡು ಬಂದರು. ಮತ್ತೆ ಬಂದರು. ಶಾಲೆಗೆ ರಜೆ ಹಾಕಿ, ದೋಣಿಗೆ ಕಾದು, ನಾಲ್ಕು ಸಲ ಬಂದರು. ಡಾಕ್ಟರು ಪ್ರತಿ ಸಲವೂ ಔಷಧ ಕೊಟ್ಟು "ಸರಿ ಹೋಗತ್ತೆ" ಎಂದರು. ಕೊನೆಗೆ ನೋವು ತಡೆಯಲಾರದೆ ಟೀಚರೇ "ಇನ್ನು ಸಾಕು, ಕಿತ್ತುಬಿಡಿ" ಎಂದರು. ಕಿತ್ತವಳು ನಾನು. ಬೇರನ್ನು ಒಡೆದು ನೋಡಿದಾಗ, ಎಕ್ಸ್‌ರೇಯಲ್ಲಿ ಅಷ್ಟು ಹೊಳೆಯುತ್ತಿದ್ದ ಕಡ್ಡಿ ಇದ್ದಿಲಿನ ಹಾಗೆ ಕಪ್ಪಾಗಿತ್ತು. ಸುತ್ತಲಿನ ಸಿಮೆಂಟು ಎಲ್ಲಿಯೂ ಇರಲಿಲ್ಲ. ಡಾಕ್ಟರಿಗೆ ತೋರಿಸಿದೆ. ಕನ್ನಡಕ ಏರಿಸಿ ತುಂಬ ಹೊತ್ತು ನೋಡಿ, "ಬರ್ಕೋ ತಾಯಿ. ಕಂಡದ್ದು ಬರೀಲೇಬೇಕು" ಎಂದರು.

ಎರಡನೆಯ ವರ್ಷದ ಕೊನೆಗೆ ತಿರುವನಂತಪುರದಲ್ಲಿ ದಂತವೈದ್ಯರ ಒಂದು ಸಭೆ ಸೇರುವುದಿತ್ತು. ಅಲ್ಲಿ ಹಲ್ಲಿನ ಕಾಲೇಜು ತೆರೆಯುತ್ತಾರೆ, ಕಲಿಸುವವರನ್ನು ಹುಡುಕುತ್ತಿದ್ದಾರೆ ಎಂಬ ಮಾತು ನಮ್ಮ ವೃತ್ತಿಯವರಲ್ಲೆಲ್ಲ ಹಬ್ಬಿತ್ತು. ಡಾಕ್ಟರಿಗೂ ಆ ಆಸೆ ಇತ್ತೆಂದು ನನಗೆ ಆಮೇಲೆ ತಿಳಿಯಿತು. ನಮ್ಮ ಹೋಲಿಕೆಯ ಬಗ್ಗೆ ಒಂದು ಪ್ರಬಂಧ ಓದೋಣ ಎಂದರು. ಒಂದು ತಿಂಗಳು ಕೂತು ಇಂಗ್ಲಿಷಿನಲ್ಲಿ ಬರೆದವಳು ನಾನು. "ನೀನೇ ಓದಬೇಕು. ಕೆಲಸ ನಿಂದು" ಎಂದರು. ಟೈಪ್ ಮಾಡಿಸುತ್ತೇನೆಂದು ಪ್ರಬಂಧವನ್ನೂ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋದರು.

ಬಸ್ಸಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ನಾನು ಓದಬೇಕಾದ ಸಾಲುಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಟೈಪಾದ ಪ್ರತಿಯನ್ನು ಒಮ್ಮೆ ನೋಡಲು ಕೊಡಿ ಎಂದದ್ದಕ್ಕೆ, "ಪೆಟ್ಟಿಗೆಯ ತಳದಲ್ಲಿದೆಯಮ್ಮ, ಅಲ್ಲಿ ಹೋಗಿ ಕೊಡ್ತೀನಿ" ಎಂದರು.

ಮರುದಿನ ಸಭೆಯಲ್ಲಿ ಅಧ್ಯಕ್ಷರು ಕರೆದದ್ದು ಡಾಕ್ಟರ ಹೆಸರನ್ನು. ನಾನು ಅರ್ಧ ಎದ್ದಿದ್ದೆ. ಅವರು ನನ್ನ ಭುಜ ಮೃದುವಾಗಿ ಒತ್ತಿ, "ಕೂತ್ಕೋ" ಎಂದು ತಾವು ಹೋದರು.

ನನ್ನ ವಾಕ್ಯಗಳೇ. ನಾಳದ ಆಕಾರದ ಬಗ್ಗೆ, ತುಂಬುವ ಕ್ರಮದ ಬಗ್ಗೆ ನಾನು ಬರೆದದ್ದೆಲ್ಲ ಹಾಗೆಯೇ ಇತ್ತು. ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಹಿರಿಯರು, ಅವರದೇ ಆಸ್ಪತ್ರೆ. ಆದರೆ ಫಲಿತಾಂಶಕ್ಕೆ ಬಂದಾಗ ಎಲ್ಲವೂ ತಿರುಗಿ ಬಿದ್ದಿತ್ತು. ತಿರುಗಿ ಬಂದ ಬೆಳ್ಳಿಯ ಹಲ್ಲುಗಳ ಸುದ್ದಿಯೇ ಇಲ್ಲ. ನನ್ನ ಗಟಾಪರ್ಚಾ ಸೋತ ಒಂದೆರಡು ಕಡೆ ಮಾತ್ರ ವಿವರವಾಗಿ ಇದ್ದವು. ಆಮೇಲೆ ಅವರು ಒಂದು ಎಕ್ಸ್‌ರೇ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ಟೀಚರ ಹಲ್ಲು. ತುಂಬಿದ ದಿನದ್ದು. ಕಡ್ಡಿ ಬಿಳಿಯಾಗಿ, ನೇರವಾಗಿ, ತುದಿಯವರೆಗೆ ಹೊಳೆಯುತ್ತಿತ್ತು. "ಈ ಶಿಕ್ಷಕಿ ಇಂದಿಗೂ ಇದೇ ಹಲ್ಲಿನಿಂದ ಸುಖವಾಗಿ ಉಣ್ಣುತ್ತಿದ್ದಾರೆ" ಎಂದು ಡಾಕ್ಟರು ಓದಿದರು.

ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕರು ಎದ್ದರು. ನಿವೃತ್ತರಾದ ಪ್ರಾಧ್ಯಾಪಕರು, ಎಲ್ಲರೂ ಅವರಿಗೆ ಕೈ ಮುಗಿಯುತ್ತಿದ್ದುದನ್ನು ಬೆಳಿಗ್ಗೆ ನೋಡಿದ್ದೆ. "ಎಕ್ಸ್‌ರೇ ತೆಗೆದವರು ನಿಮ್ಮ ಸಹಾಯಕಿ ಎಂದಿರಿ, ಈ ಹೆಣ್ಣುಮಗಳಲ್ಲವೇ? ಅವರನ್ನೇ ಕೇಳುತ್ತೇನೆ. ಬೆಳ್ಳಿ ಕಡ್ಡಿ ಬೇರಿನೊಳಗೆ ಕಪ್ಪಾದದ್ದನ್ನು ನೀವು ನೋಡಿದ್ದೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನಾನು ಎದ್ದು ನಿಂತೆ. ಎಲ್ಲರೂ ನನ್ನ ಕಡೆ ತಿರುಗಿದರು. ಡಾಕ್ಟರು ವೇದಿಕೆಯ ಮೇಲಿಂದ, ನಗುಮುಖದಿಂದಲೇ, ಅಲ್ಲಿ ಬೇರೆ ಯಾರಿಗೂ ತಿಳಿಯದ ಕನ್ನಡದಲ್ಲಿ ಅಂದರು: "ಇಲ್ಲ ಅನ್ನು ತಾಯಿ. ನನ್ನ ಮಾನ ನಿನ್ನ ಕೈಲಿದೆ."

ಭಾನುವಾರದ ಊಟಕ್ಕೆ ಕರೆಯುತ್ತಿದ್ದ ಅದೇ ದನಿ.

"ಇಲ್ಲ ಸರ್, ನೋಡಿಲ್ಲ" ಎಂದೆ. ಕೂತೆ. ಮುದುಕರು ಒಂದು ಕ್ಷಣ ನನ್ನನ್ನೇ ನೋಡಿ, ತಲೆಯಾಡಿಸಿ ಕೂತರು. ಚಪ್ಪಾಳೆ ಬಿತ್ತು.

ಊಟದ ಹೊತ್ತಿಗೆ ಜಗಲಿಯಲ್ಲಿ ಡಾಕ್ಟರನ್ನು ನಿಲ್ಲಿಸಿದೆ. "ಟೀಚರ ಹಲ್ಲು ಕಿತ್ತು ನಾಲ್ಕು ತಿಂಗಳಾಯ್ತಲ್ಲ ಸರ್?"

"ಒಂದು ಹಲ್ಲಿಗೆ ಇಷ್ಟು ರಂಪ ಯಾಕಮ್ಮ?"

"ಒಂದಲ್ಲ. ನೋಟ್‌ಬುಕ್‌ನಲ್ಲಿ ಎಲ್ಲ ಉಂಟು."

"ನೋಟ್‌ಬುಕ್ ನಂದು" ಎಂದರು. ದನಿ ಏರಿಸಲಿಲ್ಲ. "ಇಪ್ಪತ್ತು ವರ್ಷದಿಂದ ಈ ಊರುಗಳಲ್ಲಿ ಬೆಳ್ಳಿ ಹಾಕ್ತಾ ಬಂದಿದೀನಿ. ಅದೆಲ್ಲ ತಪ್ಪು ಅಂತ ನಾನೇ ಎದ್ದು ನಿಂತು ಹೇಳಲಾ? ಹೇಳಿ ಯಾವ ಮುಖ ಇಟ್ಕೊಂಡು ಇಲ್ಲಿ ಕೆಲಸ ಕೇಳಲಿ? ನೀನು ಚಿಕ್ಕವಳು. ನಿನಗೆ ಮುಂದೆ ಬೇಕಾದಷ್ಟು ಸಭೆ ಇದೆ."

"ನೀವೇ ಹೇಳಿದ್ದಲ್ಲವಾ, ಕಂಡದ್ದು ಬರಿ ಅಂತ?"

"ಬರಿ ಅಂದೆ. ಓದು ಅಂದೆನಾ?"

ಅವರು ಒಳಗೆ ಊಟಕ್ಕೆ ಹೋದರು. ನಾನು ಹೋಗಲಿಲ್ಲ. ನನ್ನ ಎರಡು ವರ್ಷದ ದುಡಿಮೆ ಹೋದದ್ದಕ್ಕಿಂತ, ನನ್ನ ಬಾಯಿಂದಲೇ ಸುಳ್ಳು ಹೇಳಿಸಿದರಲ್ಲ ಎಂಬುದು ಹೆಚ್ಚು ಉರಿಯಿತು. ಅದನ್ನು ಹೇಳಿಸಲು ಅವರು ಬೆದರಿಕೆ ಹಾಕಬೇಕಾಗಿರಲಿಲ್ಲ. ತಾಯಿ ಎಂದರೆ ಸಾಕಾಗಿತ್ತು. ಅದು ಅವರಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ವಿಳಾಸ ಕೇಳಿಕೊಂಡು ಆ ಪ್ರಾಧ್ಯಾಪಕರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಪೇಪರು ಓದುತ್ತಿದ್ದರು. ನಿಂತಲ್ಲೇ ಹೇಳಿದೆ: "ನಿನ್ನೆ ನಾನು ಸುಳ್ಳು ಹೇಳಿದೆ ಸರ್. ನಾನು ನೋಡಿದ್ದೇನೆ. ಅವರು ತೋರಿಸಿದ ಅದೇ ಹಲ್ಲನ್ನು ನಾನೇ ಕಿತ್ತಿದ್ದೇನೆ. ಕಡ್ಡಿ ಪೂರ್ತಿ ಕಪ್ಪಾಗಿತ್ತು."

ಅವರಿಗೆ ಆಶ್ಚರ್ಯವಾಗಲಿಲ್ಲ. "ನಾನೂ ನೋಡಿದ್ದೇನೆ, ನನ್ನ ರೋಗಿಗಳಲ್ಲೇ. ನೀವು ಹೇಳುತ್ತೀರಾ ಎಂದು ನೋಡಲು ಕೇಳಿದೆ" ಎಂದರು.

"ಹಾಗಾದರೆ ನೀವೇ ಯಾಕೆ ಹೇಳಲಿಲ್ಲ?"

ಅವರು ಪೇಪರು ಮಡಚಿದರು. "ನಾನೂ ಬೆಳ್ಳಿಯನ್ನೇ ಕಲಿಸಿದವನು ಮಗೂ" ಎಂದರು. ಆಮೇಲೆ, ಬೇಕಿದ್ದರೆ ಬರೆದು ಕೊಡಿ, ನೋಡೋಣ ಎಂದರು. ಅಲ್ಲೇ ಕೂತು ಎರಡು ಪುಟ ಬರೆದು, ಸಹಿ ಹಾಕಿ ಕೊಟ್ಟು ಬಂದೆ. ಅದರ ಬಗ್ಗೆ ಮುಂದೆ ಒಂದು ಸಾಲಿನ ಉತ್ತರವೂ ಬರಲಿಲ್ಲ.

ಎರ್ನಾಕುಳಕ್ಕೆ ಒಬ್ಬಳೇ ಬಂದೆ. ಡಾಕ್ಟರ ಮೇಜಿನ ಮೇಲೆ ಬೀಗದ ಕೈ ಮತ್ತು ರಾಜೀನಾಮೆ ಇಟ್ಟು, ಮೊದಲ ದೋಣಿಗೆ ವಲ್ಲಾರ್ಪಾಡಂಗೆ ಹೋದೆ. ಟೀಚರ್ ಶಾಲೆಯ ಹಿಂದೆ ಬಟ್ಟೆ ಒಣಗಿಸುತ್ತಿದ್ದರು. ನಡೆದದ್ದನ್ನು ಹೇಳಿದೆ. ಮೊದಲು ನಕ್ಕರು. ಮುಂದಿನ ಹಲ್ಲಿಲ್ಲದ ನಗು. "ನನ್ನ ಹಲ್ಲು ತಿರುವನಂತಪುರಕ್ಕೆ ಹೋಯಿತೇ? ನಾನೇ ಇನ್ನೂ ಹೋಗಿಲ್ಲ!" ಎಂದರು. ಆಮೇಲೆ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತಾ, "ನೀನು ಏನೆಂದೆ?" ಎಂದು ಕೇಳಿದರು.

"ನೋಡಿಲ್ಲ ಅಂದೆ."

ಅವರು ಬಟ್ಟೆ ಕೊಡವಿ ಹಗ್ಗಕ್ಕೆ ಹಾಕಿದರು. "ಆ ಡಾಕ್ಟರನ್ನು ನಂಬಿ ನಾನು ಕುರ್ಚಿಯಲ್ಲಿ ಕೂತಿರಲಿಲ್ಲ ಮೋಳೇ" ಎಂದರು. ಬೈಯಲಿಲ್ಲ. ಒಳಗೆ ಕರೆದು ಹಾಲಿಲ್ಲದ ಕಟ್ಟನ್ ಚಹಾ ಕೊಟ್ಟರು. ಕುಡಿದಾದ ಮೇಲೆ ದೋಣಿಕಟ್ಟೆಯವರೆಗೆ ಬಂದು ಕಳಿಸಿಕೊಟ್ಟರು.

ಡಾಕ್ಟರಿಗೆ ಆ ಕಾಲೇಜಿನ ಕೆಲಸ ಸಿಗಲಿಲ್ಲ. ಅದಕ್ಕೂ ನನ್ನ ಎರಡು ಪುಟಕ್ಕೂ ಸಂಬಂಧವಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಅವರು ಇತ್ತೆಂದೇ ನಂಬಿದ್ದರು. ಅಪ್ಪನಿಗೆ ಕಾಗದ ಬರೆದು, ನಿಮ್ಮ ಮಗಳು ಉಂಡ ಮನೆಗೆ ದ್ರೋಹ ಬಗೆದಳು ಎಂದಿದ್ದರು. ಅಪ್ಪ ನನ್ನಲ್ಲಿ ಏನೂ ಕೇಳದೆ ಒಂದು ತಿಂಗಳು ನನಗೆ ಕಾಗದ ಹಾಕಲಿಲ್ಲ. ಅವರಿಗೂ ಆ ದುಂಡಗಿನ ಅಕ್ಷರದ ಮೇಲೆ ಅಷ್ಟು ವಿಶ್ವಾಸ.

ನಾನು ಕಲೂರಿನಲ್ಲೇ ರಸ್ತೆಯ ಪಕ್ಕ ಒಂದು ಕೋಣೆ ಹಿಡಿದು, ಹಳೆಯ ಕುರ್ಚಿಯೊಂದನ್ನು ತಂದು ಹಾಕಿ ಕೆಲಸ ಶುರುಮಾಡಿದೆ. ಮೊದಲ ತಿಂಗಳುಗಳಲ್ಲಿ ಬಂದವರೆಲ್ಲ ಕೀಳಿಸಿಕೊಳ್ಳುವವರೇ. ಯಾರನ್ನಾದರೂ ಒಪ್ಪಿಸಿ ಹಲ್ಲು ಉಳಿಸಲು ನನಗೇ ಬಾಯಿ ಬರುತ್ತಿರಲಿಲ್ಲ. ಮಳೆಗಾಲ ಮುಗಿದ ಮೇಲೆ ಒಬ್ಬ ಬ್ಯಾಂಕಿನ ಗುಮಾಸ್ತರು ಬಂದು, "ಉಳಿಯಬಹುದಾ?" ಎಂದು ತಾವಾಗಿಯೇ ಕೇಳಿದರು. "ಉಳಿಯಬಹುದು, ಉಳಿಯದೆಯೂ ಇರಬಹುದು. ಉಳಿಯದಿದ್ದರೆ ಯಾಕೆಂದು ನಿಮಗೆ ಹೇಳುತ್ತೇನೆ" ಎಂದೆ. ಅವರು ಸ್ವಲ್ಪ ಯೋಚಿಸಿ, ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿದರು.